ಮಾತ್ರೆ, ವಯಲ್, ಪೆನ್ನು: ಇಪ್ಪತ್ತು ತಿಂಗಳ ಲೆಕ್ಕ

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕ ಒಂದಿದೆ. ಅದರ ಹಿಂದಿನ ಪುಟಗಳಲ್ಲಿ 2024ರ ನವೆಂಬರ್‌ನಿಂದ ನನ್ನ ಶುಗರ್ ಔಷಧಿಯ ಲೆಕ್ಕ ಬರೆದಿಟ್ಟಿದ್ದೇನೆ. ಮೊನ್ನೆ ಕೂತು ಕೂಡಿಸಿದೆ. ಇಪ್ಪತ್ತು ತಿಂಗಳಿಗೆ 2,43,658 ರೂಪಾಯಿ. ಇದು ಬರೀ ಔಷಧಿಗೆ. ಡಾಕ್ಟರ ಫೀಸು, ರಕ್ತ ಪರೀಕ್ಷೆ, ತುಮಕೂರಿನಿಂದ ಬೆಂಗಳೂರಿಗೆ ಓಡಾಡಿದ ಖರ್ಚು ಇದರಲ್ಲಿ ಸೇರಿಲ್ಲ.

ಕೂಡಿಸಲು ಕಾರಣ ನನ್ನ ತಂಗಿ. ಅವಳಿಗೂ ಶುಗರ್ ಇದೆ, ತೂಕ ಜಾಸ್ತಿ ಇದೆ. ಡಾಕ್ಟರು ನಾನು ತಗೊಂಡ ಜಾತಿಯ ಔಷಧಿಯನ್ನೇ, ಅಂದರೆ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್, ಶುರು ಮಾಡೋಣ ಅಂದಿದ್ದಾರೆ. ಶುಗರ್, ಹಸಿವು ಎರಡನ್ನೂ ಇಳಿಸುವ ಔಷಧಿಗಳು ಇವು. "ಮಾತ್ರೆ ತಗೊಳ್ಳಲಾ, ಇಂಜೆಕ್ಷನ್ನಾ? ಯಾವುದಕ್ಕೆ ಎಷ್ಟು ಬೀಳುತ್ತೆ ಅಕ್ಕಾ?" ಅಂತ ಫೋನ್ ಮಾಡಿದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಬರೆದೇ ಕಳಿಸುತ್ತೇನೆ ಅಂದೆ. ಬರೆಯುತ್ತಾ ಹೋದಂತೆ, ಇದು ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆದೀತು ಅನ್ನಿಸಿತು.

ಮೊದಲು ನನ್ನ ವಿಷಯ. ನಾನು ಹೈಸ್ಕೂಲ್ ಟೀಚರ್, ವಯಸ್ಸು 47. ಶುಗರ್ ಬಂದು ಒಂಬತ್ತು ವರ್ಷ ಆಯಿತು. ಥೈರಾಯ್ಡ್ ಮಾತ್ರೆಯೂ ಇದೆ. 2024ರ ದೀಪಾವಳಿ ಹೊತ್ತಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.6 ಇತ್ತು, ತೂಕ 91 ಕೆಜಿ. ಮೆಟ್‌ಫಾರ್ಮಿನ್ ಜೊತೆ ಇನ್ನೆರಡು ಮಾತ್ರೆ ನುಂಗಿದರೂ ಶುಗರ್ ಇಳಿಯುತ್ತಿರಲಿಲ್ಲ. ಇನ್ಸುಲಿನ್ ಶುರು ಮಾಡಬೇಕು, ಇಲ್ಲವೇ ಈ ಹೊಸ ಔಷಧಿ ನೋಡಬೇಕು ಅಂದರು ಡಾಕ್ಟರು.

ಈ ಔಷಧಿಗಳು ಪೆಪ್ಟೈಡ್ ಜಾತಿಯವು. ಪೆಪ್ಟೈಡ್ ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ಕೇಳಿದರೆ ಏನೋ ಹೊಸದು ಅನ್ನಿಸುತ್ತೆ, ಅಲ್ವಾ? ಆದರೆ ಇನ್ಸುಲಿನ್ ಕೂಡ ಪೆಪ್ಟೈಡೇ. ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಚಿಕ್ಕ ಸರ ಅಂದುಕೊಳ್ಳಿ. ಇನ್ಸುಲಿನ್‌ನಲ್ಲಿ 51 ಮಣಿ, ಸೆಮಾಗ್ಲುಟೈಡ್‌ನಲ್ಲಿ 31, ಟಿರ್ಜೆಪಟೈಡ್‌ನಲ್ಲಿ 39. ಇಂಥ ಸರ ಹೊಟ್ಟೆಗೆ ಹೋದರೆ ಅಲ್ಲಿ ಬೇಳೆ, ಮೊಟ್ಟೆಯ ಹಾಗೆ ಜೀರ್ಣ ಆಗಿಬಿಡುತ್ತೆ. ಅದಕ್ಕೇ ಸಾಮಾನ್ಯವಾಗಿ ಚರ್ಮದ ಕೆಳಗೆ ಚುಚ್ಚಬೇಕು.

ನಮ್ಮ ಅಪ್ಪ ಇಪ್ಪತ್ತು ವರ್ಷದಿಂದ ಇನ್ಸುಲಿನ್ ತಗೊಳ್ಳುತ್ತಿದ್ದಾರೆ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ತನ್ನ ಇನ್ಸುಲಿನ್ ಮಾರುಕಟ್ಟೆಗೆ ತಂದಿತಲ್ಲ, ಹೆಚ್ಚು ಕಡಿಮೆ ಆ ಕಾಲದಿಂದ. ಅವರದು 10 ಎಂಎಲ್‌ನ ಸಾದಾ ವಯಲ್, ಅಂದರೆ ಸಿರಿಂಜಿನಿಂದ ಔಷಧಿ ಎಳೆದುಕೊಳ್ಳುವ ಪುಟ್ಟ ಬಾಟಲಿ. ಒಂದು ಎಂಎಲ್‌ಗೆ 40 ಯೂನಿಟ್, ಅಂದರೆ ವಯಲ್‌ಗೆ 400 ಯೂನಿಟ್. ದಿನಕ್ಕೆ 40 ಯೂನಿಟ್ ಬೇಕು, ತಿಂಗಳಿಗೆ ಮೂರು ವಯಲ್. ಒಂದೊಂದು ನೂರೈವತ್ತು, ನೂರೆಪ್ಪತ್ತು ರೂಪಾಯಿ. ತಿಂಗಳಿಗೆ ಐನೂರು ರೂಪಾಯಿಯಲ್ಲಿ ಅಪ್ಪನ ಜೀವ ನಡೆಯುತ್ತಿದೆ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದನ್ನು ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರೊಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ನನ್ನ ಔಷಧಿಯ ಬಿಲ್ಲು ಕೈಗೆ ಬಂದಾಗಲೆಲ್ಲ ನನಗೆ ಆ ಒಂದು ಡಾಲರ್ ನೆನಪಾಗುತ್ತಿತ್ತು.

ಈಗ ನಾನು ತಗೊಂಡಿದ್ದನ್ನು ತಗೊಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಮಾತ್ರೆ. ರೈಬೆಲ್ಸಸ್. ಸೆಮಾಗ್ಲುಟೈಡನ್ನೇ ಮಾತ್ರೆ ಮಾಡಿದ್ದಾರೆ. ನಮ್ಮ ದೇಶಕ್ಕೆ 2022ರ ಜನವರಿಯಲ್ಲಿ ಬಂತು. ಸೂಜಿ ಅಂದರೆ ನನಗೆ ಭಯ ಇತ್ತು, ಹಾಗಾಗಿ ಇದನ್ನೇ ಕೇಳಿ ಬರೆಸಿಕೊಂಡೆ. ಮೊದಲ ತಿಂಗಳು 3 ಎಂಜಿ, ಮಾತ್ರೆಗೆ 315 ರೂಪಾಯಿ. ಆಮೇಲೆ 7 ಎಂಜಿ, ಮಾತ್ರೆಗೆ 350. ತಿಂಗಳಿಗೆ ಹತ್ತೂವರೆ ಸಾವಿರ. ಆರು ತಿಂಗಳಿಗೆ 61,950.

ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ಐಸ್ ಬೇಡ. ಪರ್ಸಿನಲ್ಲಿ ಹಾಕಿಕೊಂಡು ಧರ್ಮಸ್ಥಳಕ್ಕೂ ಹೋಗಿ ಬಂದೆ. ಆದರೆ ಅದನ್ನು ನುಂಗುವುದಕ್ಕೇ ಒಂದು ಶಿಸ್ತು ಬೇಕು. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ನೀರಿನ ಜೊತೆ. 120 ಎಂಎಲ್‌ಗಿಂತ ಜಾಸ್ತಿ ನೀರು ಕುಡಿಯಬಾರದು. ಆಮೇಲೆ ಕನಿಷ್ಠ ಅರ್ಧ ಗಂಟೆ ಏನೂ ಬಾಯಿಗೆ ಹಾಕುವ ಹಾಗಿಲ್ಲ. ಇಷ್ಟೆಲ್ಲ ಮಾಡಿದರೂ ನುಂಗಿದ ಔಷಧಿಯಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಮಾತ್ರೆಯಲ್ಲಿ ದಿನಕ್ಕೆ 7 ಎಂಜಿ, ಇಂಜೆಕ್ಷನ್‌ನಲ್ಲಿ ವಾರಕ್ಕೆ ಅರ್ಧ ಎಂಜಿ ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗಲೇ.

ನನ್ನ ಥೈರಾಯ್ಡ್ ಮಾತ್ರೆಯನ್ನೂ ಖಾಲಿ ಹೊಟ್ಟೆಯಲ್ಲೇ ತಗೊಳ್ಳಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ ಅಂದರು ಡಾಕ್ಟರು. ಹಾಗಾಗಿ ಐದೂವರೆಗೆ ಒಂದು ಮಾತ್ರೆ, ಆರು ಗಂಟೆಗೆ ಇನ್ನೊಂದು, ಏಳಕ್ಕೆ ಕಾಫಿ. ಎಂಟೂವರೆಗೆ ಶಾಲೆ ಬಸ್ಸು. ಆ ಒಂದೂವರೆ ಗಂಟೆ ಮನೆಯಲ್ಲಿ ಎಲ್ಲರ ಕಾಫಿ ವಾಸನೆ ಕುಡಿದುಕೊಂಡು ತಿಂಡಿ ಮಾಡುತ್ತಿದ್ದೆ. ಹೆಚ್ಚು ಕಡಿಮೆ ವಾರಕ್ಕೊಂದು ದಿನ ತಪ್ಪುತ್ತಿತ್ತು. ತಪ್ಪಿದ ದಿನದ 350 ರೂಪಾಯಿ ನೀರಿಗೆ ಹಾಕಿದ ಹಾಗೆ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾನು ಬರೆದಿಟ್ಟಿದ್ದೆ: ಆರು ತಿಂಗಳಲ್ಲಿ 23 ದಿನ ಸರಿಯಾಗಿ ತಗೊಂಡಿಲ್ಲ. ಎಂಟು ಸಾವಿರ ರೂಪಾಯಿ ವ್ಯರ್ಥ.

ಆರು ತಿಂಗಳಿಗೆ ಎಚ್‌ಬಿಎ1ಸಿ 7.7ಕ್ಕೆ ಬಂತು, ತೂಕ 87. ಕೆಟ್ಟದ್ದೇನಲ್ಲ. ಆದರೆ 14 ಎಂಜಿಗೆ ಏರಿಸೋಣ ಅಂದಾಗ, ಇನ್ನೂ ಜಾಸ್ತಿ ದುಡ್ಡು ಕೊಟ್ಟು ಇದೇ ಕಾಫಿ ಪರದಾಟ ಬೇಡ ಅನ್ನಿಸಿತು.

ಅಷ್ಟರಲ್ಲಿ ಮೌಂಜಾರೊ, ಅಂದರೆ ಟಿರ್ಜೆಪಟೈಡ್‌ನ ಇಂಜೆಕ್ಷನ್, ಬಂದಿತ್ತು. 2025ರ ಮಾರ್ಚ್ 20ಕ್ಕೆ. ಮೊದಲು ಬಂದದ್ದು ವಯಲ್ ರೂಪದಲ್ಲಿ. ವಾರಕ್ಕೊಂದು ಪುಟ್ಟ ಬಾಟಲಿ, ಒಂದೇ ಡೋಸು. 2.5 ಎಂಜಿಗೆ 3,500 ರೂಪಾಯಿ, 5 ಎಂಜಿಗೆ 4,375. ತಿಂಗಳ ಲೆಕ್ಕದಲ್ಲಿ ಹದಿನಾಲ್ಕು ಸಾವಿರ, ಹದಿನೇಳೂವರೆ ಸಾವಿರ. ಮೇ ತಿಂಗಳಲ್ಲಿ ಶುರು ಮಾಡಿದೆ.

ವಯಲ್‌ನ ಒಂದು ದೊಡ್ಡ ಗುಣವನ್ನು ಇಲ್ಲೇ ಹೇಳಬೇಕು. ಒಂದೊಂದೇ ಕೊಳ್ಳಬಹುದು. ಮೊದಲ ವಾರ 3,500 ಕೊಟ್ಟು ಒಂದು ತಂದೆ. ನನಗೆ ಆಗಿಬಾರದಿದ್ದರೆ ಹೋಗುತ್ತಿದ್ದದ್ದು ಅಷ್ಟೇ. ಇಂಥ ಔಷಧಿಯಲ್ಲಿ ಇದು ಬಹಳ ಮುಖ್ಯ. ಕೆಲವರಿಗೆ ಮೊದಲ ಡೋಸಿಗೇ ವಾಂತಿ ಶುರುವಾಗುತ್ತೆ. ನನ್ನ ಸಹೋದ್ಯೋಗಿಯೊಬ್ಬರು ಆಮೇಲೆ ಪೆನ್ನು (ಔಷಧಿ ಮೊದಲೇ ತುಂಬಿದ, ಪೆನ್ನಿನ ಆಕಾರದ ಇಂಜೆಕ್ಷನ್) ಬಂದಾಗ ನಾಲ್ಕು ಡೋಸಿನ ಇಡೀ ಪೆನ್ನು ತಂದು, ಎರಡು ಡೋಸು ತಗೊಂಡು ನಿಲ್ಲಿಸಿದರು. ಏಳು ಸಾವಿರದ ಔಷಧಿ ಕಸಕ್ಕೆ ಹೋಯಿತು.

ವಯಲ್‌ನಲ್ಲಿ ಭಯ ಇರುವುದು ಸಿರಿಂಜಿನದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಗಮನ ಇಟ್ಟು ಓದಿ. ಮೌಂಜಾರೊ ವಯಲ್ ಯಾವ ಶಕ್ತಿಯದ್ದಾದರೂ ಅದರಿಂದ ತಗೊಳ್ಳಬೇಕಾದ್ದು ಅರ್ಧ ಎಂಎಲ್. ಸಿರಿಂಜು ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ನಮ್ಮಲ್ಲಿ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಸಿರಿಂಜು ಎರಡು ತರ ಸಿಗುತ್ತೆ. ಕೆಂಪು ಮುಚ್ಚಳದ್ದು 40ರ ಗುರುತಿನದು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಕಿತ್ತಳೆ ಮುಚ್ಚಳದ್ದು 100ರದ್ದು. ಅರ್ಧ ಎಂಎಲ್ ಅಂದರೆ ಕಿತ್ತಳೆಯದರಲ್ಲಿ 50ನೇ ಗೆರೆ. ಕೆಂಪಿನಲ್ಲಿ 20ನೇ ಗೆರೆ. ನಮ್ಮ ಮನೆಯಲ್ಲಿ ಅಪ್ಪನ ಕೆಂಪು ಸಿರಿಂಜುಗಳ ಡಬ್ಬ ಇತ್ತು. ಮೊದಲ ದಿನ ಅದನ್ನೇ ತಗೊಂಡು 20ನೇ ಗೆರೆಗೆ ಎಳೆದು ಕೈಯಲ್ಲಿ ಹಿಡಿದು ಕೂತೆ. ಇಷ್ಟು ಕಡಿಮೆಯಾ ಅಂತ ಸಂಶಯ ಬಂತು. ಬೆಂಗಳೂರಿಗೆ ಫೋನ್ ಮಾಡಿ ನರ್ಸಮ್ಮನ ಹತ್ತಿರ ಗೆರೆ ಎಣಿಸಿ ಹೇಳಿದ ಮೇಲೇ ಚುಚ್ಚಿಕೊಂಡೆ. ಸರಿಯಾಗಿಯೇ ಇತ್ತು. ಯಾರಾದರೂ "50ಕ್ಕೆ ಎಳೀರಿ" ಅಂದಿದ್ದನ್ನು ಕೇಳಿಕೊಂಡು ಕೆಂಪು ಸಿರಿಂಜು ಹಿಡಿದರೆ, ಅಥವಾ "20" ಅಂದಿದ್ದನ್ನು ಕೇಳಿ ಕಿತ್ತಳೆಯದು ಹಿಡಿದರೆ, ಡೋಸೇ ಬೇರೆ ಆಗಿಬಿಡುತ್ತೆ. ಎಂಎಲ್ ಎಷ್ಟು ಅಂತ ಕೇಳಿ. ಬರೀ ಗೆರೆ ಎಷ್ಟು ಅಂತ ಕೇಳಬೇಡಿ.

ಇನ್ನೊಂದು ಖರ್ಚು ತಣ್ಣಗಿಡುವುದರದ್ದು. ಆಗ ತುಮಕೂರಿನಲ್ಲಿ ನಾನು ಹೋಗುವ ಅಂಗಡಿಗಳಲ್ಲಿ ಈ ಔಷಧಿ ಇರಲಿಲ್ಲ. ಬೆಂಗಳೂರಿಗೆ ಡಾಕ್ಟರ ಹತ್ತಿರ ಹೋದಾಗ ತರುತ್ತಿದ್ದೆ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕು, ಅದರ ತಳದಲ್ಲಿ ಐಸ್ ಪ್ಯಾಕು, ಮೇಲೆ ಮಡಿಸಿದ ಟವೆಲ್ಲು, ಆಮೇಲೆ ವಯಲ್ ಇರುವ ಡಬ್ಬಿ. ಐಸು ನೇರವಾಗಿ ತಾಗಬಾರದು. ರೈಲಿನಲ್ಲಿ ಒಂದೂವರೆ ಗಂಟೆ ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದೆ. ಒಮ್ಮೆ ಆನ್‌ಲೈನಿನಲ್ಲಿ ತರಿಸಿ ನೋಡಿದೆ. ಶೇಕಡಾ 8 ರಿಯಾಯಿತಿ ಇತ್ತು. ಡಬ್ಬ ಬಂದಾಗ ಐಸ್ ಪ್ಯಾಕು ನೀರಾಗಿ ಬೆಚ್ಚಗಿತ್ತು. ಫೋನ್ ಮಾಡಿದರೆ, "ಏನೂ ಆಗಲ್ಲ ಮೇಡಂ, ಫ್ರಿಜ್‌ನಲ್ಲಿಡಿ" ಅಂದರು. 30 ಡಿಗ್ರಿ ಒಳಗಾದರೆ 21 ದಿನ ಹೊರಗಿಡಬಹುದು ಅನ್ನುವುದು ನಿಜ. ಆದರೆ ಆ ಡಬ್ಬ ಯಾವ ವ್ಯಾನಿನಲ್ಲಿ, ಎಷ್ಟು ಬಿಸಿಲಲ್ಲಿ ಇತ್ತೋ ಯಾರಿಗೆ ಗೊತ್ತು? ಮೂರು ದಿನ ಜಗಳ ಆಡಿ ವಾಪಸ್ ಕಳಿಸಿದೆ. ಆಮೇಲೆ ರಿಯಾಯಿತಿಯ ಆಸೆಗೆ ಹೋಗಲಿಲ್ಲ.

ಜುಲೈನಲ್ಲಿ ಒಂದು ವಯಲ್ ನನ್ನ ಕೈಯಾರೆ ಹಾಳಾಯಿತು. ಫ್ರಿಜ್‌ನ ಹಿಂಬದಿ ಗೋಡೆಗೆ ತಾಗಿಸಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದು ನೋಡಿದರೆ ಬಾಟಲಿಯೊಳಗೆ ಮಂಜುಗಡ್ಡೆಯ ಪದರ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವ ಹಾಗಿಲ್ಲ. 4,375 ರೂಪಾಯಿ. ಅವತ್ತು ಶಾಲೆಗೆ ಹೋದರೂ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಈಗ ನಮ್ಮ ಫ್ರಿಜ್‌ನಲ್ಲಿ ಮಧ್ಯದ ತಟ್ಟೆಯ ಮುಂದಿನ ಮೂಲೆ ಔಷಧಿಗೇ ಮೀಸಲು. ಅಲ್ಲಿ ಮೊಸರೂ ಇಡುವುದಿಲ್ಲ.

ನಾಲ್ಕು ತಿಂಗಳಿಗೆ ವಯಲ್‌ನ ಖರ್ಚು, ಹಾಳಾದದ್ದೂ ಸೇರಿ, 70,875. ಆದರೆ ಫಲ ಬಂತು. ಅನ್ನ ಕಂಡರೆ ಮುಂಚಿನ ಹಾಗೆ ಕೈ ಹೋಗುತ್ತಿರಲಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವಳಿಗೆ ಅರ್ಧ ಮುದ್ದೆ, ಬಸ್ಸಾರು ಸಾಕಾಗುತ್ತಿತ್ತು. ತೂಕ 81ಕ್ಕೆ ಇಳಿಯಿತು.

ಆಗಸ್ಟ್‌ನಲ್ಲಿ ಮೌಂಜಾರೊ ಪೆನ್ನು ಬಂತು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅದನ್ನು ತಗೊಂಡೆ. ಒಂದು ಪೆನ್ನಿನಲ್ಲಿ ನಾಲ್ಕು ಡೋಸು, ಅಂದರೆ ಒಂದು ತಿಂಗಳು. 5 ಎಂಜಿಯದಕ್ಕೆ ವಯಲ್‌ನ ಲೆಕ್ಕವೇ, 17,500. ಸೆಪ್ಟೆಂಬರ್ 22ಕ್ಕೆ ಔಷಧಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಮುಂದಿನ ಬಿಲ್ಲಿನಲ್ಲಿ 16,406 ಆಯಿತು. ಸರ್ಕಾರದ ಒಂದು ನಿರ್ಧಾರ ಹೀಗೆ ನೇರವಾಗಿ ನನ್ನ ಹಾಲಿನ ಪುಸ್ತಕಕ್ಕೆ ಬಂದು ಕೂತದ್ದು ನೋಡಿ ಖುಷಿ ಆಯಿತು. ನಾಲ್ಕು ಪೆನ್ನಿಗೆ ಒಟ್ಟು 66,718.

ಬಳಸುವುದರಲ್ಲಿ ಪೆನ್ನಿಗೆ ಸಮ ಇಲ್ಲ. ಗೆರೆ ಎಣಿಸಬೇಕಿಲ್ಲ. ತಿರುಗಿಸಿ, ಚುಚ್ಚಿ, ಒತ್ತಿ ಹಿಡಿದರೆ ಆಯಿತು. ಸಣ್ಣ ಸೂಜಿ ಹತ್ತೋ ಇಪ್ಪತ್ತೋ ರೂಪಾಯಿ, ಅದು ಲೆಕ್ಕಕ್ಕೇ ಬರುವುದಿಲ್ಲ. ಸೂಜಿಯ ಭಯ ನನಗೆ ಪೂರ್ತಿ ಹೋದದ್ದು ಪೆನ್ನಿನಿಂದ. ಆದರೆ ಹದಿನಾರು ಸಾವಿರ ಒಂದೇ ಸಲ ಕೈ ಬಿಡಬೇಕು. ನಡುವೆ ಡಾಕ್ಟರು ಡೋಸು ಬದಲಿಸಿದರೆ ಉಳಿದದ್ದು ದಂಡ. ಶುರು ಮಾಡಿದ 30 ದಿನಕ್ಕೆ ಮುಗಿಸಬೇಕು. ನಾಲ್ಕು ಡೋಸು ಆದ ಮೇಲೂ ಒಳಗೆ ಸ್ವಲ್ಪ ದ್ರವ ಕಾಣುತ್ತೆ. ಅದನ್ನು ಸಿರಿಂಜಿನಿಂದ ಎಳೆದು ಐದನೇ ಡೋಸು ಮಾಡಿಕೊಳ್ಳುವ ಉಪಾಯ ನನಗೂ ಒಬ್ಬರು ಹೇಳಿಕೊಟ್ಟರು. ನಾನು ಮಾಡಲಿಲ್ಲ. ಅದು ಪ್ರತಿ ಸಲ ಗಾಳಿ ಹೊರಹಾಕುವುದಕ್ಕೆ ಅಂತ ಇಟ್ಟಿರುವ ಪಾಲು. ಎಷ್ಟು ಉಳಿದಿದೆ, ಶುದ್ಧವಾಗಿದೆಯಾ ಅನ್ನುವ ಖಾತ್ರಿ ಇಲ್ಲದೆ ಮೈಗೆ ಚುಚ್ಚಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಡಿಸೆಂಬರ್ ಕೊನೆಗೆ ಎಚ್‌ಬಿಎ1ಸಿ 6.4, ತೂಕ 77. ಒಂಬತ್ತು ವರ್ಷದಲ್ಲಿ ನಾನು ನೋಡದ ಅಂಕಿ. ಲ್ಯಾಬಿನಿಂದ ಹೊರಗೆ ಬಂದು ರಿಪೋರ್ಟನ್ನು ಎರಡು ಸಲ ಓದಿದೆ.

ಆದರೆ ದುಡ್ಡು ನಿಲ್ಲುತ್ತಿರಲಿಲ್ಲ. ಮಗನ ಪಿಯುಸಿ ಫೀಸು, ಅಪ್ಪನ ಕಣ್ಣಿನ ಆಪರೇಷನ್. ನಮ್ಮ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದರಷ್ಟೇ ದುಡ್ಡು ಕೊಡುತ್ತೆ. ಮನೆಯಲ್ಲಿ ಕೂತು ಚುಚ್ಚಿಕೊಳ್ಳುವ ಔಷಧಿಗೆ ಒಂದು ರೂಪಾಯಿಯೂ ಇಲ್ಲ. ಕಾಲು ಕತ್ತರಿಸುವ ಆಪರೇಷನ್‌ಗೆ ದುಡ್ಡು ಕೊಡುತ್ತಾರೆ, ಕಾಲು ಉಳಿಸುವ ಔಷಧಿಗೆ ಕೊಡುವುದಿಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

ನಿಲ್ಲಿಸಿಬಿಡಲೇ ಅಂತ ಕೇಳಿದೆ. ಸುಮ್ನೆ ನಿಲ್ಲಿಸಿದರೆ ತೂಕ ವಾಪಸ್ ಬರುತ್ತೆ ಅಂದರು ಡಾಕ್ಟರು. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತಂತೆ. ಆಗ ನನಗೆ ಹೊಳೆಯಿತು, ನಾನು ಲೆಕ್ಕ ಹಾಕುತ್ತಿದ್ದ ರೀತಿಯೇ ತಪ್ಪು. ಮೊದಲ ತಿಂಗಳು ಎಷ್ಟು ಬೀಳುತ್ತೆ ಅಂತ ನೋಡುತ್ತಿದ್ದೆ. ನೋಡಬೇಕಾದದ್ದು ಕೊನೆಗೆ ನಾನು ನಿಲ್ಲುವ ಡೋಸಿಗೆ ವರ್ಷಕ್ಕೆ ಎಷ್ಟು ಬೀಳುತ್ತೆ, ಅದನ್ನು ಐದು ವರ್ಷ ಕೊಡಬಲ್ಲೆನಾ ಅಂತ. ಶುರುವಿನ ಡೋಸು ಸಾಮಾನ್ಯವಾಗಿ ಅಗ್ಗ. ಮೌಂಜಾರೊ ಪೆನ್ನು ಬಂದಾಗ 2.5 ಎಂಜಿಗೆ 14,000 ಇತ್ತು, 15 ಎಂಜಿಗೆ 27,500. ಹೆಚ್ಚು ಕಡಿಮೆ ಎರಡು ಪಟ್ಟು.

ನನ್ನ ಡೋಸುಗಳನ್ನೇ ಇಟ್ಟುಕೊಂಡು ವರ್ಷದ ಲೆಕ್ಕ ಹಾಕಿದರೆ, ಮಾತ್ರೆ 7 ಎಂಜಿಗೆ, ನಾನು ಕೊಟ್ಟಿದ್ದ ಬೆಲೆಯಲ್ಲಿ, 1,26,000. ಮೌಂಜಾರೊ ಪೆನ್ನು 5 ಎಂಜಿಗೆ 1,96,872. ಆಗಷ್ಟೇ, 2025ರ ಡಿಸೆಂಬರ್ 12ಕ್ಕೆ, ಓಜೆಂಪಿಕ್, ಅಂದರೆ ಸೆಮಾಗ್ಲುಟೈಡ್‌ನ ವಾರಕ್ಕೊಂದು ಇಂಜೆಕ್ಷನ್, ನಮ್ಮ ದೇಶಕ್ಕೆ ಬಂದಿತ್ತು. ಅದರ 1 ಎಂಜಿಗೆ ತಿಂಗಳಿಗೆ 11,175, ವರ್ಷಕ್ಕೆ 1,34,100. ಮೌಂಜಾರೊಗಿಂತ ಅರವತ್ತು ಸಾವಿರ ಕಡಿಮೆ. ವೆಗೋವಿಯನ್ನು ನಾನು ತಗೊಂಡಿಲ್ಲ, ಅದೂ ಸೆಮಾಗ್ಲುಟೈಡೇ, ಆದರೆ ತೂಕಕ್ಕೆ ಅಂತಲೇ ಬಂದದ್ದು. ಜೂನ್ 2025ರಲ್ಲಿ ಶುರುವಿನ ಡೋಸಿಗೆ ತಿಂಗಳಿಗೆ 17,345 ಇತ್ತು, ನವೆಂಬರ್‌ನಲ್ಲಿ 10,850ಕ್ಕೆ ಇಳಿಸಿದರು. ಬೆಲೆ ಇಳಿಸಲು ಆಗುತ್ತೆ ಅಂತ ಅದರಿಂದಲೇ ಗೊತ್ತಾಯಿತು.

ಜನವರಿಯಿಂದ ಓಜೆಂಪಿಕ್‌ಗೆ ಬದಲಾಯಿಸಿದೆವು. ಎರಡು ತಿಂಗಳು 0.5 ಎಂಜಿ, ತಿಂಗಳಿಗೆ 10,170. ಮಾರ್ಚ್‌ನಲ್ಲಿ 1 ಎಂಜಿ. ಮೂರು ತಿಂಗಳಿಗೆ 31,515. ಪೆನ್ನು ಅಷ್ಟೇ ಸುಲಭ. ಹಸಿವು ಮಾತ್ರ ಸ್ವಲ್ಪ ವಾಪಸ್ ಬಂತು. ಸಂಜೆ ನಾಲ್ಕು ಗಂಟೆಗೆ ಸ್ಟಾಫ್ ರೂಮಿನಲ್ಲಿ ಚಕ್ಕುಲಿ ಡಬ್ಬಿ ಬಿಚ್ಚಿದರೆ ಕಣ್ಣು ಹೋಗುತ್ತಿತ್ತು. ತೂಕ ಒಂದೂವರೆ ಕೆಜಿ ಏರಿ 78.5ಕ್ಕೆ ನಿಂತಿತು.

ಇಲ್ಲೊಂದು ಮಾತು. ನನ್ನ ಅಂಕಿ ನೋಡಿ ಮೌಂಜಾರೊ ಮೇಲು, ಮಾತ್ರೆ ಕೀಳು ಅಂತ ತೀರ್ಮಾನ ಮಾಡಬೇಡಿ. ನಾನು ಒಂದಾದ ಮೇಲೆ ಒಂದು ತಗೊಂಡಿದ್ದೇನೆ. ಮೊದಲಿನದರ ಫಲ ಎರಡನೆಯದರ ಲೆಕ್ಕಕ್ಕೆ ಸೇರಿರಬಹುದು. ಆದರೆ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎರಡರ ಇಂಜೆಕ್ಷನ್‌ಗಳನ್ನೂ ನೇರವಾಗಿ ಹೋಲಿಸಿದ ದೊಡ್ಡ ಪರೀಕ್ಷೆ ಒಂದಿದೆ. ಅದರ ಫಲಿತಾಂಶ 2025ರಲ್ಲಿ ಬಂತು. ಶುಗರ್ ಇಲ್ಲದ, ತೂಕ ಜಾಸ್ತಿ ಇರುವವರಿಗೆ 72 ವಾರ ಕೊಟ್ಟಾಗ ಟಿರ್ಜೆಪಟೈಡ್‌ನಿಂದ ಸರಾಸರಿ ಶೇಕಡಾ 20.2 ತೂಕ ಇಳಿದರೆ, ಸೆಮಾಗ್ಲುಟೈಡ್‌ನಿಂದ ಶೇಕಡಾ 13.7. ಹಾಗಾಗಿ ವ್ಯತ್ಯಾಸ ಇರುವುದು ನಿಜ. ಪ್ರಶ್ನೆ ಅಂದರೆ, ನನ್ನಂಥವಳು ಆ ವ್ಯತ್ಯಾಸಕ್ಕೆ ವರ್ಷಕ್ಕೆ ಎಷ್ಟು ಕೊಡಬೇಕು?

ಆ ಪ್ರಶ್ನೆಗೆ ಉತ್ತರ 2026ರ ಮಾರ್ಚ್‌ನಲ್ಲಿ ಬಂತು. ಸೆಮಾಗ್ಲುಟೈಡ್‌ನ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯಿತು. ನಮ್ಮವೇ ಹಲವು ಕಂಪನಿಗಳು ಜೆನೆರಿಕ್, ಅಂದರೆ ಅದೇ ಔಷಧಿಯನ್ನು ತಮ್ಮ ಹೆಸರಿನಲ್ಲಿ ಅಗ್ಗಕ್ಕೆ, ತಂದವು. ಏಪ್ರಿಲ್‌ನಲ್ಲಿ ನಮ್ಮ ಅಂಗಡಿಯವರು ನನ್ನ ಮುಂದೆ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಪೆನ್ನುಗಳು ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು. ವಯಲ್‌ಗಳು ಎರಡು ಸಾವಿರದ ಒಳಗೆ. ಕೌಂಟರಿನ ಮೇಲೆ ಕೈ ಇಟ್ಟು ಸುಮ್ಮನೆ ನಿಂತುಬಿಟ್ಟೆ. ಹಿಂದಿನ ತಿಂಗಳು ಇದೇ ಔಷಧಿಗೆ 11,175 ಕೊಟ್ಟಿದ್ದೆ.

ಡಾಕ್ಟರನ್ನು ಕೇಳಿ ಪೆನ್ನು ತಗೊಂಡೆ, 4,200 ರೂಪಾಯಿಯದು. ಮೂರು ತಿಂಗಳಿಗೆ 12,600. ವರ್ಷಕ್ಕೆ 50,400 ಆಗುತ್ತೆ. ಜೂನ್‌ನಲ್ಲಿ ಎಚ್‌ಬಿಎ1ಸಿ 6.6, ತೂಕ 78. ಓಜೆಂಪಿಕ್‌ಗೂ ಇದಕ್ಕೂ ನನ್ನ ಮೈಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗುಂಡಿ ಸ್ವಲ್ಪ ಗಟ್ಟಿ, ಅಷ್ಟೇ. ವಯಲ್ ಇನ್ನೂ ಅಗ್ಗ ಇದ್ದರೂ ಬಿಟ್ಟೆ. ಒಂದೇ ವಯಲ್‌ನಿಂದ ವಾರ ವಾರ ಡೋಸು ಅಳೆದು ಎಳೆಯಬೇಕು ಅಂದರೆ ಮತ್ತೆ ಅದೇ ಕೆಂಪು, ಕಿತ್ತಳೆ ಸಿರಿಂಜಿನ ಭಯ. ಮನೆಯಲ್ಲಿ ಅಪ್ಪನದೂ ಇದೆ. ತಿಂಗಳಿಗೆ ಎರಡು ಸಾವಿರ ಜಾಸ್ತಿ ಕೊಟ್ಟು ಆ ಭಯ ಕಳೆದುಕೊಂಡೆ. ಆದರೆ ಆ ಎರಡು ಸಾವಿರವೂ ಕಷ್ಟ ಅನ್ನುವವರಿಗೆ ವಯಲ್ ಒಳ್ಳೆಯ ದಾರಿಯೇ. ಮೊದಲ ನಾಲ್ಕು ಸಲ ನರ್ಸ್ ಕೈಯಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿಯಿರಿ.

ಅಮೆರಿಕದ ಮಾತೂ ಒಂದಿಷ್ಟು ಹೇಳಬೇಕು. ನನ್ನ ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಔಷಧಿಯ ಅಭಾವ ಇದ್ದಾಗ, ಔಷಧಿ ಅಂಗಡಿಗಳೇ ಕಲಸಿ ಕೊಡುತ್ತಿದ್ದ ಟಿರ್ಜೆಪಟೈಡನ್ನು ಅಗ್ಗಕ್ಕೆ ತಗೊಳ್ಳುತ್ತಿದ್ದ. 2024ರ ಡಿಸೆಂಬರ್‌ನಲ್ಲಿ ಅಭಾವ ಮುಗಿಯಿತು ಅಂತ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದ ಮೇಲೆ ಆ ದಾರಿ ಮುಚ್ಚಿತು. ಆಮೇಲೆ ಕಂಪನಿಯಿಂದಲೇ ನೇರವಾಗಿ 5 ಎಂಜಿ ವಯಲ್ ತರಿಸಿದ, ವಿಮೆ ಇಲ್ಲದೆ ತಿಂಗಳಿಗೆ 499 ಡಾಲರ್. ಆಗಿನ ಲೆಕ್ಕದಲ್ಲಿ ನಲವತ್ತೆರಡು, ನಲವತ್ಮೂರು ಸಾವಿರ ರೂಪಾಯಿ. ಅದೇ ಔಷಧಿಗೆ ನಾನು ಇಲ್ಲಿ 17,500 ಕೊಡುತ್ತಿದ್ದೆ. "ಬಂದಾಗ ತಗೊಂಡು ಹೋಗ್ತೀನಿ" ಅಂದ. ಅವನ ಡಾಕ್ಟರ ಚೀಟಿ ಅಲ್ಲಿನದು, ಇಲ್ಲಿ ನಡೆಯಲಿಲ್ಲ.

ಇನ್ನು ಎಲ್ಲಕ್ಕಿಂತ ಅಗ್ಗ ಅಂತ ನನಗೆ ತೋರಿಸಿದ ದಾರಿ. ಅದನ್ನು ನಾನು ತುಳಿಯಲಿಲ್ಲ. ಮಗ ಹೋಗುವ ಜಿಮ್‌ನಲ್ಲಿ ಒಬ್ಬರು ಪುಡಿ ರೂಪದ ಪೆಪ್ಟೈಡ್ ವಯಲ್ ಮಾರುತ್ತಾರೆ. "ಆಂಟಿ, ಇದು ಮೌಂಜಾರೊಗಿಂತ ಮುಂದಿನದು, ರೆಟಾಟ್ರುಟೈಡ್, ಒಂದು ವಯಲ್ ಎರಡು ತಿಂಗಳು ಬರುತ್ತೆ" ಅಂದರು. ಬಾಟಲಿಯ ಮೇಲೆ ತಯಾರಕರ ಲೈಸೆನ್ಸ್ ನಂಬರ್ ಇಲ್ಲ. ಬ್ಯಾಚ್ ನಂಬರ್ ಇಲ್ಲ. ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ. ರೆಟಾಟ್ರುಟೈಡ್ ಇನ್ನೂ ಪರೀಕ್ಷೆಯಲ್ಲೇ ಇರುವಾಗ ಶುರುವಾದ ವ್ಯಾಪಾರ ಇದು. ಮಂಡಿ ನೋವಿಗೆ ಅಂತ ಅವರು ಕೊಡುವ ಬಿಪಿಸಿ-157 ಕೂಡ ಒಪ್ಪಿಗೆ ಪಡೆದ ಔಷಧಿ ಅಲ್ಲ, ಕ್ರೀಡಾಪಟುಗಳಿಗೆ 2022ರಿಂದ ನಿಷೇಧವೇ ಇದೆ. ಒಳಗೆ ಏನಿದೆ, ಎಷ್ಟಿದೆ, ನೀರು ಬೆರೆಸುವಾಗ ಕೈ ತಪ್ಪಿದರೆ ಏನು ಗತಿ? ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನನ್ನ ಹೋಲಿಕೆಯಲ್ಲಿ ಜಾಗ ಕೊಡುವುದಿಲ್ಲ. ಮಗನಿಗೆ ಆ ಜಿಮ್ ಬಿಡಿಸಿದೆ.

ಔಷಧಿಯ ಹೊರಗಿನ ಖರ್ಚು ಎಲ್ಲ ದಾರಿಗೂ ಹೆಚ್ಚು ಕಡಿಮೆ ಒಂದೇ. ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ಸಾವಿರ, ರಕ್ತ ಪರೀಕ್ಷೆಗೆ ಒಂದೂವರೆ ಸಾವಿರ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಶುಗರ್ ಬೇಗ ಇಳಿದಾಗ ರೆಟಿನಾ ನೋಡಿಸಲೇಬೇಕು, ಅದನ್ನು ಬಿಡಬೇಡಿ. ಊಟ ಕಡಿಮೆ ಆದಾಗ ಮೈಯ ಮಾಂಸವೂ ಕರಗುತ್ತೆ. ದಿನಾ ಎರಡು ಮೊಟ್ಟೆ, ಮೊಳಕೆ ಹೆಸರುಕಾಳು, ಮೊಸರು ಅಂತ ಖರ್ಚು ಸ್ವಲ್ಪ ಏರಿತು. ಅದೇ ಹೊತ್ತಿಗೆ ಹಳೆಯ ಎರಡು ಶುಗರ್ ಮಾತ್ರೆ ನಿಂತವು, ತಿಂಗಳಿಗೆ ಆರುನೂರು ಉಳಿಯಿತು. ಹಾಗಾಗಿ ಸರಿಗೆ ಸರಿ.

ತಂಗಿಗೆ ನಾನು ಬರೆದ ಉತ್ತರ ಇಷ್ಟು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನಿನಗೆ ಪ್ಯಾಂಕ್ರಿಯಾಸ್ ತೊಂದರೆ ಆಗಿತ್ತಾ ಅಂತ ಮೊದಲು ಡಾಕ್ಟರಿಗೆ ಹೇಳು. ಆಮೇಲೆ ಜೆನೆರಿಕ್ ಸೆಮಾಗ್ಲುಟೈಡ್ ಪೆನ್ನಿನಿಂದ ಶುರು ಮಾಡಬಹುದಾ ಅಂತ ಕೇಳು. ಆರು ತಿಂಗಳು ನೋಡು. ಶುಗರ್ ಇಳಿಯದಿದ್ದರೆ ಮಾತ್ರ ಮೌಂಜಾರೊ, ಅದೂ ಮೊದಲ ತಿಂಗಳು ವಯಲ್‌ನಲ್ಲಿ, ಒಂದೊಂದೇ ಕೊಂಡು. ಸೂಜಿ ಬೇಡವೇ ಬೇಡ ಅಂದರೆ ಮಾತ್ರೆ ಇದೆ, ಆದರೆ ನೀನು ಐದೂವರೆಗೆ ಏಳುವವಳಲ್ಲ. ಬಿಲ್ಲು, ಬ್ಯಾಚ್ ನಂಬರ್ ಇಲ್ಲದೆ ಏನೂ ತರಬೇಡ.

ಗುರುವಾರ ಅವಳಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ. ನಾನೂ ಜೊತೆಗೆ ಹೋಗುತ್ತಿದ್ದೇನೆ. ಐಸ್ ಪ್ಯಾಕು ಫ್ರೀಜರಿನಲ್ಲಿಟ್ಟಿದ್ದೇನೆ, ಫ್ಲಾಸ್ಕು ತೊಳೆದು ಮಗುಚಿ ಹಾಕಿದ್ದೇನೆ.